ಕಾಸರಗೋಡಿನ ಗೋಡೆಗಳಲ್ಲಿ ಟ್ಯಾಗ್ ಹುಡುಕುತ್ತ: ನನ್ನ ಅನುಭವ

ಕಾಸರಗೋಡು ಪೇಟೆಯ ಗೋಡೆಗಳಲ್ಲಿ ಬರೆಹಕ್ಕೆ ಬರವಿಲ್ಲ. ಪಕ್ಷಗಳ ಚಿಹ್ನೆ, ಕ್ಲಬ್ಬುಗಳ ಹೆಸರು, ಅರ್ಜೆಂಟೀನಾ–ಬ್ರೆಜಿಲ್ ಅಭಿಮಾನಿಗಳ ಬಣ್ಣ, ಎಲ್ಲವೂ ಮಲಯಾಳ, ಕನ್ನಡ, ಇಂಗ್ಲಿಷ್ ಲಿಪಿಗಳಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಇವುಗಳ ಸಂದಿನಲ್ಲಿ ಯಾರೋ ಒಂದೇ ಬೀಸಿನಲ್ಲಿ ಬರೆದುಹೋದ ಅಡ್ಡಹೆಸರು, ಅಂದರೆ ಟ್ಯಾಗ್, ನನ್ನ ಆಸಕ್ತಿಯ ವಸ್ತು. 1971ರ ಜುಲೈಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ‘ಟಾಕಿ 183’ ಎಂದು ಊರೆಲ್ಲ ಬರೆಯುತ್ತಿದ್ದ ಯುವಕನ ಬಗ್ಗೆ ವರದಿ ಮಾಡಿತ್ತು. ಆ 183 ಅವನು ವಾಸವಿದ್ದ ಬೀದಿಯ ಸಂಖ್ಯೆ. ನಮ್ಮಲ್ಲಿ ಹೆಸರಿನ ಬೆನ್ನಿಗೆ ಬರುವುದು ಹೆಚ್ಚಾಗಿ ಕಾಲೇಜಿನ ಬ್ಯಾಚ್ ಅಥವಾ ಜೆರ್ಸಿಯ ಸಂಖ್ಯೆ.

ಎಲ್ಲಿ ಹುಡುಕಬೇಕೆಂಬುದನ್ನು ಗೋಡೆಯ ಮೈಯೇ ತಿಳಿಸುತ್ತದೆ. ಸಾರಣೆಯಿಲ್ಲದ ಕೆಂಪುಕಲ್ಲಿನ ರಂಧ್ರಗಳಲ್ಲಿ ಸ್ಪ್ರೇ ಬಣ್ಣದ ಅಂಚು ನಿಲ್ಲುವುದಿಲ್ಲವಾದ್ದರಿಂದ, ಬರೆಯುವವರು ಸಿಮೆಂಟ್ ಗೋಡೆ, ಬಸ್ ತಂಗುದಾಣ, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದೊಂದಿಗೆ ಬಂದ ಕಾಂಕ್ರೀಟ್ ಮೈ ಮುಂತಾದವನ್ನೇ ಆರಿಸಿಕೊಳ್ಳುತ್ತಾರೆ. ಅಂಗಡಿಗಳ ಶಟರ್ ಮೇಲಿನ ಬರೆಹ ಹಗಲಿನಲ್ಲಿ ಕಾಣಸಿಗುವುದು ಭಾನುವಾರ, ಇಲ್ಲವೇ ಹರತಾಳದ ದಿನ. ಹರತಾಳವನ್ನು ಎದುರುನೋಡುವ ಕೆಲವೇ ಮಂದಿಯಲ್ಲಿ ನಾನೂ ಒಬ್ಬನಿರಬೇಕು.

ಚಿತ್ರ ತೆಗೆಯಲು ಮೋಡ ಕವಿದ ಬೆಳಗು ಉತ್ತಮ. ಬಿಸಿಲಿದ್ದರೆ ಎನಾಮೆಲ್ ಬಣ್ಣ ಹೊಳೆದು ಗೆರೆ ಕಳೆದುಹೋಗುತ್ತದೆ. ಮೊಬೈಲನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು, ಮೊದಲು ಸುತ್ತಲಿನ ಆವರಣ ಸಹಿತ, ಬಳಿಕ ಟ್ಯಾಗ್ ಮಾತ್ರ, ಕೊನೆಗೆ ಗೆರೆಗಳ ತುದಿಗಳನ್ನು ಹತ್ತಿರದಿಂದ ತೆಗೆಯುತ್ತೇನೆ. ನ್ಯೂಯಾರ್ಕಿನಲ್ಲಿ ರೈಲುಗಳ ಮೇಲಿನ ಇಂಥ ಬರೆಹಗಳನ್ನು ದಾಖಲಿಸಿದ ಛಾಯಾಗ್ರಾಹಕ ಹೆನ್ರಿ ಚಾಲ್ಫೆಂಟ್, ನಿಂತ ರೈಲುಗಳ ಉದ್ದಕ್ಕೂ ಅಂಚು ಸೇರುವಂತೆ ಬಿಡಿ ಚಿತ್ರಗಳನ್ನು ತೆಗೆದು ಜೋಡಿಸುತ್ತಿದ್ದ ಕ್ರಮವನ್ನು ಉದ್ದನೆಯ ಗೋಡೆಗಳಿಗೆ ನಾನೂ ಅನುಸರಿಸುತ್ತೇನೆ. ಗೆರೆಯ ತುದಿಗಳೇ ನನಗೆ ಮುಖ್ಯ. ಕೈ ತಡೆದು ನಿಂತಲ್ಲಿ ಬಣ್ಣ ಇಳಿದಿರುತ್ತದೆ; ಡಬ್ಬಿಯನ್ನು ಹತ್ತಿರ ಹಿಡಿದರೆ ಗೆರೆ ತೆಳ್ಳಗೆ ಗಟ್ಟಿಯಾಗಿ, ದೂರ ಹಿಡಿದರೆ ಅಗಲವಾಗಿ ಮಸುಕಾಗಿ ಬೀಳುತ್ತದೆ. ಹೆಸರು ಒಂದೇ ಆದರೂ ಗೆರೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿದಿದೆ ಎಂಬುದನ್ನು ಹೋಲಿಸಿದಾಗ ಬರೆದವನು ಬೇರೆ ಎಂದು ತಿಳಿಯುವುದುಂಟು. ಮಲಯಾಳದ ಉರುಟು ಅಕ್ಷರ ರೂಢಿಯಾದ ಕೈ ಇಂಗ್ಲಿಷ್ ಅಕ್ಷರವನ್ನೂ ಉರುಟಾಗಿಸುತ್ತದೆಂಬುದು ನನ್ನ ಅನುಮಾನ.

ರೈಲು ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಬಿಟ್ಟು ಇಳಿಯುವುದಿಲ್ಲ. ಹಳಿಯ ಮೇಲೆ ಅತಿಕ್ರಮವಾಗಿ ನಡೆಯುವುದು 1989ರ ರೈಲ್ವೆ ಕಾಯಿದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಜನರ ಮುಖ, ವಾಹನದ ಸಂಖ್ಯೆಗಳನ್ನೂ ಚೌಕಟ್ಟಿನಿಂದ ಹೊರಗಿಡುತ್ತೇನೆ.

ಇಲ್ಲಿ ಟ್ಯಾಗಿನ ಆಯುಷ್ಯವನ್ನು ನಿರ್ಧರಿಸುವುದು ಮಳೆ ಮತ್ತು ಚುನಾವಣೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಗೆ ಗೋಡೆ ಪಾಚಿಗಟ್ಟಿ ಕಪ್ಪಾಗುತ್ತದೆ. ಚುನಾವಣೆ ಹತ್ತಿರವಾದಾಗ ಪಕ್ಷದವರು ಸುಣ್ಣ ಬಳಿದು, ‘ಬುಕ್ಡ್’ ಎಂದು ಬರೆದು ಗೋಡೆಯನ್ನು ಕಾದಿರಿಸುತ್ತಾರೆ. 2020ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಗೂ 2021ರ ಏಪ್ರಿಲಿನಲ್ಲಿ ವಿಧಾನಸಭೆಗೂ ಮತದಾನ ನಡೆದಂತೆ, ಎರಡು ಚುನಾವಣೆಗಳು ಬೆನ್ನುಬೆನ್ನಿಗೆ ಬಂದರೆ ಕೆಳಗಿನ ಬರೆಹ ಉಳಿಯುವ ಆಸೆ ಕಡಿಮೆ. ಆದರೆ ಸುಣ್ಣ ಒಂದೆರಡು ಮಳೆಗಾಲದಲ್ಲಿ ತೊಳೆದುಹೋಗುವಂಥದ್ದು. ಸ್ಪ್ರೇ ಬಣ್ಣ ಅಷ್ಟು ಬೇಗ ಹೋಗುವುದಿಲ್ಲ. ಆದ್ದರಿಂದ ಮಳೆ ಬಿಟ್ಟ ಅಕ್ಟೋಬರಿನಲ್ಲಿ ಅವೇ ಗೋಡೆಗಳ ಎದುರು, ಹಳೆಯ ಚಿತ್ರ ತೆಗೆದ ಜಾಗದಲ್ಲೇ ನಿಂತು ಮತ್ತೊಮ್ಮೆ ತೆಗೆಯುತ್ತೇನೆ. ಕಡತದ ಹೆಸರಿನಲ್ಲಿ ಮೊದಲು ಸ್ಥಳ, ಆಮೇಲೆ ದಿನಾಂಕ ಹಾಕುವುದರಿಂದ ಒಂದೇ ಗೋಡೆಯ ಚಿತ್ರಗಳು ಕಂಪ್ಯೂಟರಿನಲ್ಲಿ ತಾವಾಗಿಯೇ ಒಟ್ಟಿಗೆ ಬರುತ್ತವೆ.