ಡಿಜಿಟಲ್ ಟ್ವಿನ್ ವೇದಿಕೆ ಕೊಳ್ಳುವ ಮುನ್ನ: ಕಾರ್ಖಾನೆಯವರು ಇಡಬೇಕಾದ ಹೆಜ್ಜೆಗಳು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯಲ್ಲಾಗಲಿ ಮಂಡ್ಯದ ತೂಬಿನಕೆರೆಯಲ್ಲಾಗಲಿ ಮಧ್ಯಮ ಗಾತ್ರದ ಕಾರ್ಖಾನೆ ನಡೆಸುವವರು ಡಿಜಿಟಲ್ ಟ್ವಿನ್ (ಯಂತ್ರದ ಕಂಪ್ಯೂಟರ್ ಪ್ರತಿರೂಪ) ವೇದಿಕೆ ಕೊಳ್ಳುವ ಯೋಚನೆಯಲ್ಲಿದ್ದರೆ, ಮಾರಾಟಗಾರರನ್ನು ಕರೆಯುವುದಕ್ಕೂ ಮೊದಲು ಯಾವ ಯಂತ್ರದ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ಆ ವಾಕ್ಯ ಸ್ಪಷ್ಟವಾಗುವವರೆಗೆ ಯಾವ ಪ್ರಾತ್ಯಕ್ಷಿಕೆ ನೋಡಿದರೂ ಚೆನ್ನಾಗಿಯೇ ಕಾಣುತ್ತದೆ, ಕೊನೆಗೆ ಬೆಲೆಯೊಂದೇ ಆಯ್ಕೆಯ ಮಾನದಂಡವಾಗಿಬಿಡುತ್ತದೆ.

ಈ ಪರಿಕಲ್ಪನೆಯನ್ನು 2002ರಲ್ಲಿ ಅಮೆರಿಕದ ಮೈಕೆಲ್ ಗ್ರೀವ್ಸ್ ಮುಂದಿಟ್ಟರು; ಈಗ ಬಳಕೆಯಲ್ಲಿರುವ ಹೆಸರು ನಾಸಾದ ಜಾನ್ ವಿಕರ್ಸ್ ಅವರಿಂದ 2010ರ ಸುಮಾರಿಗೆ ಬಂತು. ಯಂತ್ರದ ಅಥವಾ ಪ್ರಕ್ರಿಯೆಯ ಗಣಿತ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ನಿಜವಾದ ಯಂತ್ರದ ಸೆನ್ಸರುಗಳಿಂದ ಬರುವ ಅಳತೆಗಳಿಂದ ಅದನ್ನು ಸದಾ ತಾಜಾ ಇಟ್ಟು, ‘ಹೀಗೆ ಮಾಡಿದರೆ ಮುಂದೇನಾಗುತ್ತದೆ’ ಎಂದು ಕೇಳಿ ಉತ್ತರ ಪಡೆಯುವುದು ಇದರ ತಿರುಳು. ಅಳತೆಗಳನ್ನು ಪರದೆಯ ಮೇಲೆ ಬಣ್ಣಬಣ್ಣವಾಗಿ ತೋರಿಸುವ ಡ್ಯಾಶ್‌ಬೋರ್ಡ್ ಇಷ್ಟು ಮಾಡುವುದಿಲ್ಲ. ಮೂರು ಆಯಾಮದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದರ ಹಿಂದೆ ಲೆಕ್ಕ ಹಾಕುವ ಮಾದರಿ ಇಲ್ಲದಿದ್ದರೆ ಅದಕ್ಕೆ ಟ್ವಿನ್‌ನ ಬೆಲೆ ಕೊಡಬೇಕಾಗಿಲ್ಲ.

ಮೊದಲು ಪ್ರಶ್ನೆ

ಮಂಡ್ಯ ಜಿಲ್ಲೆಯವರಿಗೆ ಪರಿಚಿತವಾದ ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ. ಕಬ್ಬು ನುರಿಸಿ ಶುದ್ಧೀಕರಿಸಿದ ರಸ ಸುಮಾರು 15 ಬ್ರಿಕ್ಸ್‌ನಲ್ಲಿ (ನೂರು ಭಾಗ ತೂಕದಲ್ಲಿ ಕರಗಿರುವ ಘನಾಂಶದ ಭಾಗ) ನೀರನ್ನು ಆವಿಯಾಗಿಸುವ ಇವಾಪೊರೇಟರಿಗೆ ಹೋಗಿ, ಸುಮಾರು 60 ಬ್ರಿಕ್ಸ್‌ನ ಸಿರಪ್ ಆಗಿ ಹೊರಬರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ 100 ಟನ್ ರಸದಲ್ಲಿ 75 ಟನ್ ನೀರು ಅಲ್ಲಿಯೇ ಆವಿಯಾಗಬೇಕು. ಒಂದು ಹಂತದ ಆವಿ ಮುಂದಿನ ಹಂತವನ್ನು ಕಾಯಿಸುವುದರಿಂದ ನಾಲ್ಕು ಹಂತದ ಇವಾಪೊರೇಟರಿನಲ್ಲಿ ಒಂದು ಟನ್ ಹಬೆ ಹೆಚ್ಚುಕಡಿಮೆ ನಾಲ್ಕು ಟನ್ ನೀರನ್ನು ತೆಗೆಯುತ್ತದೆ. ದಿನ ಕಳೆದಂತೆ ಕೊಳವೆಗಳ ಒಳಮೈಗೆ ಸುಣ್ಣದ ಲವಣಗಳ, ಸಿಲಿಕಾದ ಗಟ್ಟಿ ಪದರ ಕಟ್ಟಿ, ಶಾಖ ದಾಟುವುದು ಕಡಿಮೆಯಾಗುತ್ತದೆ. ಸಿರಪ್ 60ರ ಬದಲು 50 ಬ್ರಿಕ್ಸ್‌ನಲ್ಲಿ ಬಂದರೆ ಇವಾಪೊರೇಟರ್ ತೆಗೆದ ನೀರು 70 ಟನ್ನಿಗೆ ಇಳಿಯುತ್ತದೆ. ಉಳಿದ ಐದು ಟನ್ ನೀರು, ಸಿರಪ್ಪನ್ನು ಒಂದೇ ಹಂತದಲ್ಲಿ ಕುದಿಸಿ ಸಕ್ಕರೆ ಹರಳು ಕಟ್ಟಿಸುವ ಪ್ಯಾನ್‌ಗಳಿಗೆ ಹೋಗುತ್ತದೆ. ಇವಾಪೊರೇಟರಿನಲ್ಲಿ ಸುಮಾರು ಒಂದೂಕಾಲು ಟನ್ ಹಬೆಯಲ್ಲಿ ಮುಗಿಯುತ್ತಿದ್ದ ಆ ಕೆಲಸಕ್ಕೆ ಪ್ಯಾನಿನಲ್ಲಿ ಹತ್ತಿರ ಹತ್ತಿರ ಐದು ಟನ್ ಬೇಕು.

ಬೇಗ ನಿಲ್ಲಿಸಿ ತೊಳೆದರೆ ನುರಿಸುವ ಗಂಟೆಗಳು ನಷ್ಟ. ಗೇಟಿನ ಹೊರಗೆ ಕಬ್ಬಿನ ಗಾಡಿಗಳು ಕಾಯುತ್ತವೆ, ಕಡಿದ ಕಬ್ಬು ಒಣಗಿ ತೂಕವನ್ನೂ ಸಕ್ಕರೆ ಅಂಶವನ್ನೂ ಕಳೆದುಕೊಳ್ಳುತ್ತದೆ. ತಡ ಮಾಡಿದರೆ ಹಬೆಯೂ, ಬಾಯ್ಲರಿನಲ್ಲಿ ಉರಿಸುವ ಕಬ್ಬಿನ ಸಿಪ್ಪೆಯಾದ ಬಗಾಸೂ ಪೋಲು. ಆದ್ದರಿಂದ ‘ಇವಾಪೊರೇಟರನ್ನು ಯಾವ ದಿನ ನಿಲ್ಲಿಸಿ ತೊಳೆದರೆ ಒಟ್ಟು ನಷ್ಟ ಅತಿ ಕಡಿಮೆ?’ ಎಂಬುದು ಟ್ವಿನ್‌ಗೆ ಕೇಳಲು ಯೋಗ್ಯವಾದ ಪ್ರಶ್ನೆ. ರೈತನ ಕಬ್ಬಿನ ಭವಿಷ್ಯ ಇದರಲ್ಲಿ ಇರುವುದರಿಂದ ಇದನ್ನು ಬರಿಯ ಇಂಧನ ಉಳಿತಾಯವೆಂದು ನೋಡಬಾರದೆಂಬುದು ನನ್ನ ಅಭಿಪ್ರಾಯ.

ಇರುವ ಮಾಹಿತಿಯ ಪಟ್ಟಿ

ಎರಡನೆಯದಾಗಿ, ಈ ಪ್ರಶ್ನೆಗೆ ಬೇಕಾದ ಅಳತೆಗಳಲ್ಲಿ ಯಾವುವು ಈಗಾಗಲೇ ದೊರೆಯುತ್ತಿವೆ ಎಂದು ಪಟ್ಟಿ ಮಾಡಬೇಕು. ಮೇಲಿನ ಉದಾಹರಣೆಗೆ ರಸದ ಹರಿವು, ಪ್ರತಿ ಹಂತದ ಉಷ್ಣಾಂಶ ಮತ್ತು ಒತ್ತಡ, ಕೊನೆಯ ಹಂತದ ನಿರ್ವಾತ, ಒಳಬರುವ ಹೊರಹೋಗುವ ಬ್ರಿಕ್ಸ್ ಸಾಕು. ಇವುಗಳಲ್ಲಿ ಕೆಲವು, ಯಂತ್ರಗಳನ್ನು ನಿಯಂತ್ರಿಸುವ, ಅವುಗಳ ಮೇಲೆ ನಿಗಾ ಇಡುವ ವ್ಯವಸ್ಥೆಗಳಾದ ಪಿಎಲ್‌ಸಿ ಮತ್ತು ಸ್ಕಾಡಾದಲ್ಲಿ ಸಿಗುತ್ತವೆ. ಬ್ರಿಕ್ಸ್ ಮಾತ್ರ ಪ್ರಯೋಗಾಲಯದ ರಿಜಿಸ್ಟರಿನಲ್ಲಿ ಕೈಬರಹದಲ್ಲಿ ಇರಬಹುದು. ಆ ರಿಜಿಸ್ಟರನ್ನು ಕಡೆಗಣಿಸಬೇಡಿ, ಸಮಯ ಸಹಿತ ಕಂಪ್ಯೂಟರಿಗೆ ಏರಿಸಿ. ಹಳೆಯ ಮೀಟರುಗಳ ಕ್ಯಾಲಿಬ್ರೇಶನ್ ಪರೀಕ್ಷಿಸಿ. ತಪ್ಪು ಓದುವ ಮೀಟರಿನ ಮೇಲೆ ಕಟ್ಟಿದ ಮಾದರಿ ತಪ್ಪನ್ನೇ ಆತ್ಮವಿಶ್ವಾಸದಿಂದ ಹೇಳುತ್ತದೆ. ಯಂತ್ರಗಳು ಮಾಡ್‌ಬಸ್, ಒಪಿಸಿ ಯುಎ, ಎಂಕ್ಯೂಟಿಟಿ ಎಂಬ ಸಂವಹನ ವಿಧಾನಗಳಲ್ಲಿ ಯಾವುದರಲ್ಲಿ ಮಾಹಿತಿ ಕೊಡುತ್ತವೆ ಎಂಬುದನ್ನೂ ಬರೆದುಕೊಳ್ಳಿ, ಏಕೆಂದರೆ ಜೋಡಣೆಯ ಖರ್ಚು ನಿಂತಿರುವುದು ಅದರ ಮೇಲೆ.

ಮಾರುಕಟ್ಟೆಯಲ್ಲಿ ಯಾರು ಏನು ಮಾರುತ್ತಾರೆ

ಮಾರುಕಟ್ಟೆಯ ಗಾತ್ರದ ಬಗ್ಗೆ ಬರುವ ವರದಿಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗದಿರಲು ಮುಖ್ಯ ಕಾರಣ, ಯಾವುದನ್ನು ಟ್ವಿನ್ ಎಂದು ಎಣಿಸಬೇಕೆಂಬುದರಲ್ಲಿ ಇರುವ ಭಿನ್ನಾಭಿಪ್ರಾಯ. ಕೊಳ್ಳುವವರಿಗೆ ಆ ಅಂಕಿಗಳಿಗಿಂತ ಮಾರುವವರ ಮೂಲ ತಿಳಿದಿರುವುದು ಹೆಚ್ಚು ಉಪಯುಕ್ತ. ಸೀಮೆನ್ಸ್, ಡಸೋ ಸಿಸ್ಟಮ್ಸ್, ಪಿಟಿಸಿ, ಆನ್‌ಸಿಸ್ ವಿನ್ಯಾಸ ಮತ್ತು ಸಿಮ್ಯುಲೇಶನ್ ಕಡೆಯಿಂದ ಬಂದವು. ಭೌತಶಾಸ್ತ್ರದ ಮಾದರಿ ಅವುಗಳ ಬಲ. ಮೈಕ್ರೋಸಾಫ್ಟಿನ ಅಜೂರ್ ಡಿಜಿಟಲ್ ಟ್ವಿನ್ಸ್, ಅಮೆಜಾನಿನ ಟ್ವಿನ್‌ಮೇಕರ್ ಕ್ಲೌಡ್ ಸೇವೆಗಳು. ಮಾಹಿತಿಯನ್ನು ಜೋಡಿಸಿ ಇಡುತ್ತವೆ, ಇವಾಪೊರೇಟರಿನ ಲೆಕ್ಕವನ್ನು ಮಾತ್ರ ನೀವೇ ತರಬೇಕು. ಅವೀವಾ ಕಾರ್ಖಾನೆ ವಿನ್ಯಾಸದ ತಂತ್ರಾಂಶದಿಂದ ಹುಟ್ಟಿ, ಆಮೇಲೆ ನಿಯಂತ್ರಣ ವ್ಯವಸ್ಥೆಯ ತಂತ್ರಾಂಶವನ್ನೂ ಸೇರಿಸಿಕೊಂಡಿತು. ಎಕ್ಲಿಪ್ಸ್ ಡಿಟ್ಟೋದಂಥ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲವಾದರೂ ನಡೆಸಲು ತಿಳಿದವರು ಬೇಕು. 2025ರಲ್ಲಿ ಆನ್‌ಸಿಸ್ ಚಿಪ್ ವಿನ್ಯಾಸ ತಂತ್ರಾಂಶದ ಸಿನಾಪ್ಸಿಸ್ ಪಾಲಾಯಿತು, ಸಿಮ್ಯುಲೇಶನ್ ಕಂಪನಿ ಆಲ್ಟೇರ್ ಸೀಮೆನ್ಸ್ ಪಾಲಾಯಿತು. ಹೀಗೆ ಕಂಪನಿಗಳು ಕೈ ಬದಲಾಗುತ್ತಿರುವಾಗ, ಕೊಂಡ ಉತ್ಪನ್ನ ಯಾರ ಕೈಗೆ ಹೋದರೂ ಬೆಂಬಲ ಎಷ್ಟು ವರ್ಷ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಬೆಲೆಯ ಲೆಕ್ಕ

ಕ್ಲೌಡ್ ಸೇವೆಗಳಲ್ಲಿ ಸಂದೇಶ, ಪ್ರಶ್ನೆ, ಸಂಗ್ರಹಗಳ ಪ್ರಮಾಣಕ್ಕೆ ತಕ್ಕಂತೆ ಬಿಲ್ ಬರುವುದು ಸಾಮಾನ್ಯ. ಒಂದು ಸೆನ್ಸರ್ ಸೆಕೆಂಡಿಗೊಮ್ಮೆ ಅಳತೆ ಕಳುಹಿಸಿದರೆ ದಿನಕ್ಕೆ 86,400 ಸಂದೇಶ. ಅಂಥ ನೂರು ಸೆನ್ಸರಿಗೆ 86 ಲಕ್ಷಕ್ಕೂ ಮಿಗಿಲು. ನಿಮಿಷಕ್ಕೊಮ್ಮೆ ಸಾಕೆಂದರೆ ಸೆನ್ಸರ್ ಒಂದಕ್ಕೆ 1,440 ಮಾತ್ರ. ನಿಧಾನವಾಗಿ ಬದಲಾಗುವ ಉಷ್ಣಾಂಶಕ್ಕೆ ನಿಮಿಷದ ಅಂತರ ಧಾರಾಳ. ಬೇರಿಂಗಿನ ಕಂಪನಕ್ಕೆ ಸೆಕೆಂಡಿಗೆ ಸಾವಿರಾರು ಅಳತೆ ಬೇಕಾಗುವುದರಿಂದ ಅದನ್ನು ಯಂತ್ರದ ಪಕ್ಕದಲ್ಲೇ ಸಂಸ್ಕರಿಸಿ, ಫಲಿತಾಂಶವನ್ನಷ್ಟೇ ಕಳುಹಿಸಬೇಕು.

ಹಳೆಯ ಹಂಗಾಮಿನ ಮೇಲೆ ಪರೀಕ್ಷೆ

ಹಣ ಕೊಡುವ ಮೊದಲು ಮಾರಾಟಗಾರರಿಗೆ ಕಳೆದ ಹಂಗಾಮಿನ ಮೊದಲರ್ಧದ ಮಾಹಿತಿಯನ್ನಷ್ಟೇ ಕೊಟ್ಟು ಮಾದರಿ ಕಟ್ಟಿಸಿ. ಉಳಿದರ್ಧದಲ್ಲಿ ಬ್ರಿಕ್ಸ್ ಯಾವಾಗ ಇಳಿಯಿತೆಂಬುದನ್ನು ಅದು ಮುಂಚಿತವಾಗಿ ಹೇಳಬಲ್ಲದೇ ಎಂದು ನಿಮ್ಮ ರಿಜಿಸ್ಟರಿನೊಂದಿಗೆ ಹೋಲಿಸಿ ನೋಡಿ. ಇದಕ್ಕೆ ಒಪ್ಪದವರನ್ನು ಪಟ್ಟಿಯಿಂದ ಕೈಬಿಡಬಹುದು. ಹೋಲಿಸುವಾಗ ರಸ ಕುದಿಸಿ ಸಕ್ಕರೆ ಮಾಡುವ ವಿಭಾಗವಾದ ಬಾಯ್ಲಿಂಗ್ ಹೌಸಿನ ಅನುಭವಿ ಆಪರೇಟರನ್ನು ಜೊತೆಗೆ ಕೂರಿಸಿಕೊಳ್ಳಲೇಬೇಕು. ವಿದ್ಯುತ್ ಹೋದ ದಿನ, ಪಂಪ್ ಕೆಟ್ಟ ದಿನ ಯಾವುದೆಂದು ಅವರಿಗೆ ತಿಳಿದಿರುತ್ತದೆ, ಮಾದರಿಗೆ ತಿಳಿದಿರುವುದಿಲ್ಲ.

ಒಪ್ಪಂದ

ಮಾಹಿತಿ ಕಾರ್ಖಾನೆಯ ಸ್ವತ್ತು. ಒಪ್ಪಂದ ಮುಗಿದಾಗ ಅಳತೆಗಳನ್ನೂ ಮಾದರಿಯ ಗುಣಾಂಕಗಳನ್ನೂ ಸಾಮಾನ್ಯ ರೂಪದ ಫೈಲಿನಲ್ಲಿ ಹಿಂದಿರುಗಿಸತಕ್ಕದ್ದು ಎಂಬ ಷರತ್ತು ಬರಹದಲ್ಲಿರಲಿ. ಗೂಗಲ್, ಉಪಕರಣಗಳನ್ನು ಕ್ಲೌಡ್‌ಗೆ ಜೋಡಿಸುವ ತನ್ನ ಐಒಟಿ ಕೋರ್ ಸೇವೆಯನ್ನು 2023ರ ಆಗಸ್ಟ್ 16ರಂದು ಮುಚ್ಚಿದಾಗ, ಅದನ್ನು ನೆಚ್ಚಿದ್ದವರು ತಮ್ಮ ಉಪಕರಣಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಬೇಕಾಯಿತು. ಆರಂಭದಲ್ಲಿ ಟ್ವಿನ್ ಓದುವುದಕ್ಕಷ್ಟೇ ಅನುಮತಿ ಪಡೆಯಲಿ. ಕವಾಟ ತಿರುಗಿಸುವ ಅಧಿಕಾರವನ್ನು ಒಂದು ಪೂರ್ಣ ಹಂಗಾಮಿನ ನಂಬಿಕೆ ಗಳಿಸಿದ ಮೇಲೆ ಯೋಚಿಸಬಹುದು.

ಪ್ರಸ್ತಾವಗಳನ್ನು ತೂಗಲು ಹೊರಗಿನ ತಜ್ಞರ ನೆರವು ಬೇಕೆನ್ನುವವರು ಬೆಂಗಳೂರಿನ ಸಿಎಂಟಿಐ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೇಂದ್ರ ಸರ್ಕಾರದ ಸಮರ್ಥ್ ಉದ್ಯೋಗ್ ಯೋಜನೆಯಡಿ ರೂಪುಗೊಂಡ ಕೇಂದ್ರಗಳನ್ನು ವಿಚಾರಿಸಬಹುದು. ಸೆನ್ಸರ್ ಜೋಡಣೆಯನ್ನು ಹಂಗಾಮುಗಳ ನಡುವಿನ ಬಿಡುವಿನಲ್ಲಿ ಮುಗಿಸಿ, ನುರಿಸುವಿಕೆ ಆರಂಭವಾದ ಮೇಲೆ ಟ್ವಿನ್ ಹೇಳಿದ ದಿನವನ್ನೂ ಆಪರೇಟರ್ ಹೇಳಿದ ದಿನವನ್ನೂ ಒಂದೇ ಪುಸ್ತಕದಲ್ಲಿ ಪಕ್ಕಪಕ್ಕದಲ್ಲಿ ಬರೆಯುತ್ತ ಹೋಗಿ, ಎರಡನೆಯ ಕಂತಿನ ಹಣವನ್ನು ಆ ಪುಸ್ತಕ ನೋಡಿ ಬಿಡುಗಡೆ ಮಾಡುವಂತೆ ಒಪ್ಪಂದದಲ್ಲೇ ಸೇರಿಸಿ.