ಹೈಬ್ರಿಡ್ ಕಾರು ಕೊಳ್ಳುವ ಮುನ್ನ ನಿಮ್ಮ ದಾರಿಯ ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು, ಬ್ಯಾಟರಿಯೂ ಇರುವ ಕಾರು ಕೊಳ್ಳಬೇಕೆಂದಿರುವವರು ಷೋರೂಮಿನ ಬಾಗಿಲು ತುಳಿಯುವ ಮೊದಲು, ಒಂದು ವಾರ ತಮ್ಮ ಓಡಾಟವನ್ನು ಚೀಟಿಯೊಂದರಲ್ಲಿ ಬರೆದಿಡುವುದು ಒಳ್ಳೆಯದು. ದಿನಕ್ಕೆ ಎಷ್ಟು ಕಿಲೋಮೀಟರ್, ಅದರಲ್ಲಿ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಹೆಬ್ಬಾಳಗಳಂಥ ಕಡೆ ನಿಂತು ನಿಂತು ಸಾಗುವುದೆಷ್ಟು, ತಡೆಯಿಲ್ಲದೆ ಓಡುವುದೆಷ್ಟು ಎಂಬುದು ಗೊತ್ತಾದರೆ, ಈ ಕಾರು ನಿಮಗೆ ಲಾಭವೋ ನಷ್ಟವೋ ಎಂಬುದು ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ.

ಇದರ ಮರ್ಮವಿರುವುದು ಬ್ರೇಕಿನಲ್ಲಿ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಶಾಖವಾಗಿ ವ್ಯರ್ಥವಾಗುತ್ತದೆ. ಹೈಬ್ರಿಡ್ ಕಾರಿನಲ್ಲಿ ಅದೇ ಹೊತ್ತಿಗೆ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ಆ ಶಕ್ತಿಯಲ್ಲಿ ಒಂದಷ್ಟನ್ನು ಬ್ಯಾಟರಿಗೆ ತುಂಬುತ್ತದೆ. ಮುಂದಿನ ವಾಹನ ಹತ್ತಡಿ ಸರಿದಾಗ ನಮ್ಮ ಕಾರು ಎಂಜಿನ್ ಚಾಲೂ ಮಾಡದೆ ಆ ವಿದ್ಯುತ್ತಿನಲ್ಲೇ ತೆವಳುತ್ತದೆ. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರುಕಟ್ಟೆಗೆ ಬಂದಾಗಿನಿಂದ ತತ್ತ್ವ ಬದಲಾಗಿಲ್ಲ. ಬೇರೆ ಕಾರುಗಳ ಮೈಲೇಜನ್ನು ನುಂಗಿಹಾಕುವ ಟ್ರಾಫಿಕ್ ಜಾಮೇ ಇದಕ್ಕೆ ಅನುಕೂಲವಾಗಿ ಪರಿಣಮಿಸುವುದು ಹೀಗೆ.

ಎಚ್ಚರ ಬೇಕಾದದ್ದು ಹೆಸರಿನ ವಿಷಯದಲ್ಲಿ. ಮೈಲ್ಡ್ ಹೈಬ್ರಿಡ್ ಎನ್ನುವುದು ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ, ಮತ್ತೆ ಹೊರಡುವಾಗ ಸ್ವಲ್ಪ ಕೈಜೋಡಿಸುವಷ್ಟಕ್ಕೇ ಸೀಮಿತವಾದದ್ದು. ಬರೀ ಮೋಟಾರಿನಿಂದ ಕಾರು ಓಡುವುದಿಲ್ಲ. ಓಡಬೇಕಾದರೆ ಟೊಯೋಟಾದ ಹೈರೈಡರ್, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿಗಳಲ್ಲಿ ದೊರೆಯುವ ಸ್ಟ್ರಾಂಗ್ ಹೈಬ್ರಿಡ್ ಮಾದರಿಯೇ ಆಗಬೇಕು. ನಮ್ಮ ಪರಿಚಿತರೊಬ್ಬರು ಕಾರಿನ ಹಿಂಬದಿಯ ‘ಹೈಬ್ರಿಡ್’ ಎಂಬ ಅಕ್ಷರ ನಂಬಿ ಮೈಲ್ಡ್ ಮಾದರಿಯನ್ನು ಕೊಂಡು, ಮೈಲೇಜ್ ಬರಲಿಲ್ಲವೆಂದು ಆರು ತಿಂಗಳು ಸರ್ವಿಸ್ ಸೆಂಟರಿಗೆ ಅಲೆದರು.

ಇನ್ನು ಹಣದ ಮಾತು. ಹೈಬ್ರಿಡ್ಡಿಗೂ ಪೆಟ್ರೋಲ್ ಮಾದರಿಗೂ ಹೋಲಿಸಬೇಕಾದದ್ದು ಆನ್ ರೋಡ್ ಬೆಲೆಯನ್ನು, ಅಂದರೆ ತೆರಿಗೆಗಳೆಲ್ಲ ಸೇರಿದ ಬೆಲೆಯನ್ನು. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷ ರೂಪಾಯಿಯವರೆಗಿನ ಕಾರಿಗೆ ಜೀವಿತಾವಧಿ ರಸ್ತೆ ತೆರಿಗೆಯೇ ಶೇ 17ರಷ್ಟಿದ್ದು, ಅದರ ಮೇಲೆ ಸೆಸ್ ಬೇರೆ ಬೀಳುವುದರಿಂದ, ಷೋರೂಮ್ ಬೆಲೆಯಲ್ಲಿ ಎರಡೂವರೆ ಲಕ್ಷವಿದ್ದ ವ್ಯತ್ಯಾಸ ರಸ್ತೆಗಿಳಿಯುವ ಹೊತ್ತಿಗೆ ಮೂರು ಲಕ್ಷದ ಹತ್ತಿರಕ್ಕೆ ಬಂದಿರುತ್ತದೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು 2024ರಲ್ಲಿ ಮನ್ನಾ ಮಾಡಿದ್ದು ಉತ್ತರ ಪ್ರದೇಶ ಎಂಬುದನ್ನು ನೆನೆದರೆ ತುಸು ಹೊಟ್ಟೆಯುರಿಯುತ್ತದೆ.

ಆ ಮೂರು ಲಕ್ಷ ಮರಳುವುದು ಯಾವಾಗ? ಪೆಟ್ರೋಲ್ ಲೀಟರಿಗೆ ಸುಮಾರು 100 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 1,000 ಕಿ.ಮೀ. ನಗರದೊಳಗೇ ಓಡಿಸುವವರ ಪೆಟ್ರೋಲ್ ಆಟೊಮ್ಯಾಟಿಕ್ ಕಾರು ಲೀಟರಿಗೆ 11, ಹೈಬ್ರಿಡ್ 20 ಕಿ.ಮೀ. ಕೊಡುವುದಾದರೆ, ವರ್ಷಕ್ಕೆ 490 ಲೀಟರ್, ಅಂದರೆ 49,000 ರೂಪಾಯಿ ಉಳಿಯುತ್ತದೆ. ಆರು ವರ್ಷದಲ್ಲಿ ಹಣ ಹುಟ್ಟುತ್ತದೆ. ಅಷ್ಟೇ ದೂರವನ್ನು ಮೈಸೂರು ಹೆದ್ದಾರಿಯಲ್ಲಿ ಓಡಿಸುವವರಿಗೆ ಪೆಟ್ರೋಲ್ ಕಾರೇ 16 ಕೊಟ್ಟರೆ ಉಳಿತಾಯ 15,000ಕ್ಕೆ ಇಳಿದು, ಅಸಲು ಕೈಸೇರಲು ಇಪ್ಪತ್ತು ವರ್ಷ ಬೇಕು. ವಾರಕ್ಕೊಮ್ಮೆ ದೇವಸ್ಥಾನಕ್ಕೋ ಮಾಲಿಗೋ ಹೋಗಿಬರುವವರು ಈ ಲೆಕ್ಕದ ಹತ್ತಿರ ಸುಳಿಯದಿರುವುದೇ ಲೇಸು. ಹೈರೈಡರ್‌ಗೆ ಕಂಪನಿ ಹೇಳುವ 27.97 ಕಿ.ಮೀ. ಪರೀಕ್ಷಾ ಅಂಕಿಯನ್ನು ಲೆಕ್ಕಕ್ಕೆ ತರಬೇಡಿ. ಅದನ್ನೇ ಓಡಿಸುತ್ತಿರುವ ನೆರೆಹೊರೆಯವರನ್ನು ಕೇಳಿ.

ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5 ಇರುವಾಗ, 2025ರ ಸೆಪ್ಟೆಂಬರ್ 22ರಿಂದ ಶೇ 40ರ ಸಾಲಿಗೆ ಸೇರಿರುವ ಈ ಕಾರುಗಳನ್ನು ಯಾಕೆ ಕೊಳ್ಳಬೇಕೆಂದು ಕೇಳುವವರಿದ್ದಾರೆ. ಬಾಡಿಗೆ ಮನೆಯ ಮುಂದೆ ಬೀದಿಯಲ್ಲಿ ಕಾರು ನಿಲ್ಲಿಸುವವರಿಗೂ, ಪಾರ್ಕಿಂಗಿನಲ್ಲಿ ಪ್ಲಗ್ ಪಾಯಿಂಟ್ ಹಾಕಿಸಲು ಸಂಘದ ಒಪ್ಪಿಗೆ ಸಿಗದ ಹಳೆಯ ಅಪಾರ್ಟ್‌ಮೆಂಟಿನವರಿಗೂ ಉತ್ತರ ತಾನಾಗಿಯೇ ಗೊತ್ತು: ಇದನ್ನು ಚಾರ್ಜಿಗೆ ಹಾಕುವ ಪ್ರಮೇಯವೇ ಇಲ್ಲ.

ಬ್ಯಾಟರಿಯ ಭಯ ಹಲವರಿಗಿದೆ. ಟೊಯೋಟಾ ಇದಕ್ಕೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ, ಆ ಅವಧಿ ಮುಗಿಯುವ ಹೊತ್ತಿಗೆ ಹಳೆಯ ಕಾರಿನ ಬೆಲೆ ಕುಸಿಯುವುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಬ್ಯಾಟರಿಗೆ ತಂಪು ಗಾಳಿ ಎಳೆದುಕೊಳ್ಳುವ ಕಿಂಡಿ ಹಿಂದಿನ ಸೀಟಿನ ಬಳಿ ಇರುವ ಮಾದರಿಗಳಲ್ಲಿ ಅದನ್ನು ಚೀಲ, ಹೊದಿಕೆಗಳಿಂದ ಮುಚ್ಚಬಾರದು, ನಮ್ಮ ಧೂಳಿಗೆ ಅದರ ಜಾಲರಿಯನ್ನು ಸರ್ವಿಸಿನಲ್ಲಿ ತಪ್ಪದೆ ಶುಚಿ ಮಾಡಿಸಬೇಕು. ಕಿತ್ತಳೆ ಬಣ್ಣದ ತಂತಿಗಳಲ್ಲಿ ಅಪಾಯಕಾರಿ ವೋಲ್ಟೇಜ್ ಇರುವುದರಿಂದ ಬೀದಿಯ ಮೆಕ್ಯಾನಿಕ್ಕಿನಿಂದ ಮುಟ್ಟಿಸುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದನ್ನು ಕಂಡವರಿಗೆ ನೀರಿನ ಬಗ್ಗೆ ಹೇಳಬೇಕಿಲ್ಲ. ಎಂಜಿನ್ ಮತ್ತು ಬ್ಯಾಟರಿ ಎರಡಕ್ಕೂ ವಿಮೆಯಲ್ಲಿ ರಕ್ಷಣೆಯಿದೆಯೇ ಎಂದು ಪಾಲಿಸಿ ಓದಿ ನೋಡಿ. ಡಿಕ್ಕಿಯ ಜಾಗವನ್ನೂ ನಿಮ್ಮದೇ ಸೂಟ್‌ಕೇಸ್ ಇಟ್ಟು ಪರೀಕ್ಷಿಸಿ, ಹಲವು ಮಾದರಿಗಳಲ್ಲಿ ಬ್ಯಾಟರಿ ಅದನ್ನು ಕಿತ್ತುಕೊಂಡಿರುತ್ತದೆ.

ಟೆಸ್ಟ್ ಡ್ರೈವನ್ನು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮಾಡಿದರೆ ಏನೂ ತಿಳಿಯದು. ವಾರದ ದಿನ ಸಂಜೆ ಆರರ ಸುಮಾರಿಗೆ ನಿಮ್ಮ ಆಫೀಸಿನ ದಾರಿಯನ್ನೇ ಕೇಳಿ ಪಡೆದು, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಹೊರಡಿ. ಫ್ಲೈಓವರ್ ಏರುವಾಗ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಊಳಿಡುವುದು ಕಿವಿಗೆ ಹಿಡಿಸುತ್ತದೆಯೇ ಎಂದು ಗಮನಿಸಿ, ಮರಳಿದ ಮೇಲೆ ಮೀಟರಿನಲ್ಲಿ ಕಂಡ ಮೈಲೇಜನ್ನು ಅದೇ ಚೀಟಿಯಲ್ಲಿ ಬರೆದುಕೊಂಡು, 20ರ ಬದಲು ಆ ಅಂಕಿಯನ್ನಿಟ್ಟು ಲೆಕ್ಕವನ್ನು ಇನ್ನೊಮ್ಮೆ ಮಾಡಿ.