ಎಕರೆಗೆ ಎಷ್ಟು ಮನೆ? ಸೆಪ್ಟಿಕ್ ಟ್ಯಾಂಕು ಮತ್ತು ನೈಟ್ರೇಟಿನ ಲೆಕ್ಕ

ಮುಧೋಳ ತಾಲ್ಲೂಕಿನಲ್ಲಿ, ಲೋಕಾಪುರದ ಕಡೆಯ ಹಳ್ಳಿಯೊಂದರ ರೈತರೊಬ್ಬರು ತಮ್ಮ ನಾಲ್ಕು ಎಕರೆ ಹೊಲವನ್ನು ಎನ್‌ಎ (ಕೃಷಿಯೇತರ ಜಮೀನು) ಮಾಡಿಸಿ ಪ್ಲಾಟು ಹಾಕಲು ನಕ್ಷೆ ಬೇಕೆಂದು ನನ್ನ ಬಳಿಗೆ ಬಂದರು. ಊರಿಗೆ ಒಳಚರಂಡಿ ಇಲ್ಲ. ಮನೆಗೊಂದು ಸೆಪ್ಟಿಕ್ ಟ್ಯಾಂಕು, ಅದರ ಪಕ್ಕ ಇಂಗುಗುಂಡಿ, ಹೊಲದ ತಗ್ಗಿನ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದು ಬೋರ್‌ವೆಲ್ ಎಂಬುದು ಅವರ ಯೋಜನೆಯಾಗಿತ್ತು. ಗುಂಡಿಗೂ ಬಾವಿಗೂ ನಡುವೆ 18 ಮೀಟರ್ ಅಂತರ ಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ನಾನೂ ಅಲ್ಲಿಯವರೆಗೆ ನಂಬಿದ್ದೆ. ಆ ಅಂತರವು ಮಣ್ಣು ದಪ್ಪಗಿರುವ ಕಡೆ ರೋಗಾಣುಗಳನ್ನು ತಡೆಯಲು ಬಹುಮಟ್ಟಿಗೆ ಸಹಾಯ ಮಾಡುತ್ತದೆ, ನೈಟ್ರೇಟನ್ನು ತಡೆಯುವುದಿಲ್ಲ.

ಸೆಪ್ಟಿಕ್ ಟ್ಯಾಂಕಿನಲ್ಲಿ ಗಸಿ ಕೆಳಗಿಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಆದರೆ ಮೂತ್ರದೊಂದಿಗೆ ಬಂದ ಸಾರಜನಕದ ಹೆಚ್ಚಿನ ಪಾಲು ಅಮೋನಿಯಾ ರೂಪದಲ್ಲಿ ನೀರಿನೊಂದಿಗೇ ಹೊರಗೆ ಹೋಗುತ್ತದೆ. ಗುಂಡಿಯ ಸುತ್ತಲಿನ ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಜೇಡಿಯ ಕಣಗಳ ಮೈಯೂ ಋಣ ವಿದ್ಯುದಂಶದ್ದು, ನೈಟ್ರೇಟಿನದೂ ಋಣವೇ ಆದ್ದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಗಾಳಿಯಿಲ್ಲದ, ಸಾವಯವ ಅಂಶವಿರುವ ಪದರ ದಾರಿಯಲ್ಲಿ ಸಿಕ್ಕರೆ ಮಾತ್ರ ಅದರಲ್ಲೊಂದಿಷ್ಟು ಸಾರಜನಕ ಅನಿಲವಾಗಿ ಕಳೆದುಹೋಗುತ್ತದೆ. ಈ ಹೊಲದಲ್ಲಿ ಮೂರು ನಾಲ್ಕು ಅಡಿ ಎರೆಮಣ್ಣಿನ ಕೆಳಗೆ ಸಿಕ್ಕಿದ್ದು ಸೀಳುಬಿಟ್ಟ ಸುಣ್ಣಕಲ್ಲು. ಅಂಥ ಸೀಳಿನಲ್ಲಿ ಇಳಿದ ನೀರಿಗೆ ಸೋಸಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಪಕ್ಕದಲ್ಲಿಯೇ ಇಪ್ಪತ್ತು ವರ್ಷ ಹಳೆಯದಾದ ಬಡಾವಣೆಯೊಂದಿತ್ತು. ನಮ್ಮ ಹೊಲದ ನಾಳೆಯನ್ನು ಅದರ ಇಂದಿನಲ್ಲಿ ಕಾಣಬಹುದೆಂದು ಮೊದಲು ಅಲ್ಲಿಯ ಬೋರ್‌ವೆಲ್ಲಿಗೆ ಹೋದೆ. ಸೆಪ್ಟಿಕ್ ಟ್ಯಾಂಕು ಎಂದು ಜನ ಹೇಳುತ್ತಿದ್ದುದರಲ್ಲಿ ಬಹುಪಾಲು ತಳವಿಲ್ಲದೆ ಇಳಿಸಿದ ಸಿಮೆಂಟ್ ರಿಂಗಿನ ಗುಂಡಿಗಳಾಗಿದ್ದವು. ಹತ್ತು ನಿಮಿಷ ಪಂಪು ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸುತ್ತಿದ್ದಾಗ ಕೊಡ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು, "ತಮ್ಮಾ, ನೀರು ತಿಳಿ ಐತಿ, ರುಚಿನೂ ಐತಿ, ಮತ್ತೇನು ನೋಡಾಕ ಹತ್ತಿ?" ಎಂದು ಕೇಳಿದರು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಕೂಸಿನ ಮೈ ನೀಲಿಗಟ್ಟಬಹುದು. ಇದನ್ನು ಆ ಅಜ್ಜಿಗೆ ಅಲ್ಲಿಯೇ ನಿಂತು ವಿವರಿಸಿದೆ, ಏಕೆಂದರೆ ಅವರ ಮನೆಯಲ್ಲಿ ಬಾಣಂತಿಯೊಬ್ಬಳಿದ್ದಳು.

ಪ್ರಯೋಗಾಲಯದ ವರದಿಯಲ್ಲಿ 21 ಎಂದು ಬಂತು. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ ಒಪ್ಪುವ ಮಿತಿ ಲೀಟರಿಗೆ 45 ಮಿಲಿಗ್ರಾಂ ಆದ್ದರಿಂದ ಜಮೀನಿನ ಮಾಲೀಕರು ನಿಟ್ಟುಸಿರು ಬಿಟ್ಟರು. ಆದರೆ ಆ ಅಂಕಿಯ ಮುಂದೆ ಸಣ್ಣ ಅಕ್ಷರದಲ್ಲಿ "ಸಾರಜನಕವಾಗಿ" ಎಂದು ಬರೆದಿತ್ತು. 45 ಎಂಬ ಮಿತಿ ನೈಟ್ರೇಟಿನ ಪೂರ್ಣ ತೂಕಕ್ಕೆ ಹೇಳಿದ್ದು. ಸಾರಜನಕದ ತೂಕವನ್ನು 4.43ರಿಂದ ಗುಣಿಸಿದರೆ ಅದು ಸಿಗುತ್ತದೆ. ಅಂದರೆ ಆ ನೀರಿನಲ್ಲಿದ್ದುದು 93. ಈ ಒಂದು ಪದವನ್ನು ಓದದೆ ಬಿಟ್ಟಿದ್ದರೆ ಕೆಟ್ಟ ನೀರಿಗೆ ಒಳ್ಳೆಯದೆಂದು ನಾನೇ ಸಹಿ ಹಾಕಿ ಕೊಡುತ್ತಿದ್ದೆ.

ಸುತ್ತಲೂ ಕಬ್ಬು, ಕಬ್ಬಿಗೆ ಯೂರಿಯಾ; ಹಾಗಿರುವಾಗ ದೋಷವೆಲ್ಲ ಗುಂಡಿಗಳದೇ ಎಂದು ಹೇಗೆ ಹೇಳುವುದು? ಮೂರು ಬಾವಿಗಳ ನೀರಿನ ಮಟ್ಟವನ್ನು ಲೆವೆಲ್ ಯಂತ್ರದಿಂದ ಅಳೆದು, ಕಾಗದದ ಮೇಲೆ ತ್ರಿಕೋನ ಬರೆದು, ಅಂತರ್ಜಲ ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತದೆಂದು ಅಂದಾಜು ಮಾಡಿದೆ. ಬಡಾವಣೆಗೆ ಮೇಲ್ಗಡೆಯ ಕಬ್ಬಿನ ತೋಟದ ಬಾವಿಯಲ್ಲಿ ನೈಟ್ರೇಟ್ 34 ಇತ್ತು; ಬಡಾವಣೆಯನ್ನು ದಾಟಿದ ಮೇಲೆ ನೈಟ್ರೇಟಿನ ಜೊತೆಗೆ ಕ್ಲೋರೈಡೂ ಏರಿತ್ತು, ಮಲದಿಂದ ಬರುವ ಬ್ಯಾಕ್ಟೀರಿಯಾ ಇ-ಕೋಲಿಯೂ ಕಂಡಿತು. ಯೂರಿಯಾದಲ್ಲಿ ಕ್ಲೋರೈಡ್ ಇರುವುದಿಲ್ಲ, ಉಪ್ಪು ತಿನ್ನುವ ಮನುಷ್ಯನ ಮೂತ್ರದಲ್ಲಿ ಇರುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುವುದರಿಂದ ಇದೊಂದೇ ಸಾಕ್ಷಿ ಸಾಲದು. ಮೂರೂ ಒಟ್ಟಿಗೆ ಏರಿದ್ದರಿಂದ ಹೊಲದ ಪಾಲೂ ಇದೆ, ಗುಂಡಿಗಳ ಪಾಲು ಅದಕ್ಕಿಂತ ದೊಡ್ಡದು ಎಂಬ ನಿರ್ಧಾರಕ್ಕೆ ಬಂದೆ.

ನೀರು ಇಂಗುವ ಪರೀಕ್ಷೆಯಲ್ಲಿ ನನ್ನದೊಂದು ತಪ್ಪಾಯಿತು. ಏಪ್ರಿಲ್‌ನಲ್ಲಿ ಕುಣಿ ತೋಡಿ, ತಳಕ್ಕೆ ಜಲ್ಲಿ ಹಾಕಿ ನೀರು ಸುರಿದೆ, ನೋಡನೋಡುತ್ತಿದ್ದಂತೆ ಇಳಿದುಹೋಯಿತು. ಮಣ್ಣು ಚೆನ್ನಾಗಿ ಇಂಗಿಸುತ್ತದೆಂದು ಟಿಪ್ಪಣಿ ಬರೆದುಕೊಂಡೆ. ನೀರು ಕುಡಿದದ್ದು ಮಣ್ಣಲ್ಲ, ಬಿಸಿಲಿಗೆ ಬಾಯಿಬಿಟ್ಟ ಎರೆಯ ಬಿರುಕುಗಳು. ರಾತ್ರಿಯಿಡೀ ಕುಣಿಯಲ್ಲಿ ನೀರು ನಿಲ್ಲಿಸಿ ಬೆಳಿಗ್ಗೆ ಅಳೆದಾಗ ಅರ್ಧ ಗಂಟೆಯಲ್ಲಿ 25 ಮಿಲಿಮೀಟರ್ ಸಹ ಇಳಿಯಲಿಲ್ಲ. ಇಂಥ ನೆಲದಲ್ಲಿ ಗೌಂಡಿ ಗುಂಡಿಯನ್ನು ಎರೆ ದಾಟಿ ಕಲ್ಲಿನವರೆಗೆ ಇಳಿಸುತ್ತಾನೆ. ಮನೆಯವರಿಗೆ ಗುಂಡಿ ತುಂಬುವುದಿಲ್ಲವೆಂಬ ಸಮಾಧಾನ, ಹೊಲಸು ಮಾತ್ರ ನೇರವಾಗಿ ಸೀಳಿಗೆ ಸೇರುತ್ತದೆ.

ಕೊನೆಗೆ ಲೆಕ್ಕ. ನಮ್ಮ ಆಹಾರ ಕ್ರಮದಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ ವಿಸರ್ಜಿಸುವ ಸಾರಜನಕ ಸುಮಾರು 2.7 ಕಿಲೋ, ಐದು ಜನರ ಮನೆಗೆ 13.5 ಕಿಲೋ. ಗಸಿಯಲ್ಲೂ ಮಣ್ಣಿನಲ್ಲೂ ಕಾಲು ಭಾಗ ಕಳೆಯಿತೆಂದರೂ 10 ಕಿಲೋ ಉಳಿಯುತ್ತದೆ. ಮಳೆ 580 ಮಿಲಿಮೀಟರ್, ಅದರಲ್ಲಿ ನೂರಕ್ಕೆ ಆರು ಪಾಲು ಇಂಗಿದರೆ ಎಕರೆಗೆ 1 ಲಕ್ಷ 40 ಸಾವಿರ ಲೀಟರ್. ಒಂದು ಮನೆಯ ಗುಂಡಿಯ ನೀರು 1 ಲಕ್ಷ 10 ಸಾವಿರ ಲೀಟರ್. ಈ ಎರಡೂವರೆ ಲಕ್ಷ ಲೀಟರಿನಲ್ಲಿ 10 ಕಿಲೋ ಕರಗಿದರೆ ಲೀಟರಿಗೆ 40 ಮಿಲಿಗ್ರಾಂ ಸಾರಜನಕ, ಅಂದರೆ 177 ಮಿಲಿಗ್ರಾಂ ನೈಟ್ರೇಟ್. ಎಕರೆಗೆ ಒಂದೇ ಮನೆಯಿದ್ದಾಗಿನ ಮಾತಿದು. ಮಾಲೀಕರು ಕೇಳಿದ್ದು ಎಕರೆಗೆ ಹದಿನಾರು. ಮೇಲಿನ ಹೊಲಗಳಿಂದ ಸರಿದು ಬರುವ ನೀರು ಬೆರೆತು ನಿಜವಾದ ಅಂಕಿ ಕಡಿಮೆಯಾಗುತ್ತದೆ, ಹಳೆಯ ಬಡಾವಣೆಯ 93 ಅದನ್ನೇ ತೋರಿಸುತ್ತದೆ. ಆದರೆ ಅದೂ ಮಿತಿಯ ಎರಡು ಪಟ್ಟು. ಮಲೆನಾಡಿನ ಮಳೆಯಲ್ಲಿ ತೊಳೆದುಹೋಗುವುದು ನಮ್ಮ ಬಾಗಲಕೋಟೆಯ ಮಳೆಯಲ್ಲಿ ಹೋಗುವುದಿಲ್ಲ.

ಈ ಕಾಗದವನ್ನು ಮಾಲೀಕರ ಮುಂದಿಟ್ಟು, ಇಂಗುಗುಂಡಿಗಳನ್ನು ಪೂರ್ತಿ ಕೈಬಿಡಬೇಕೆಂದು ಹೇಳಿದೆ. ತಳಕ್ಕೆ ಕಾಂಕ್ರೀಟ್ ಹಾಕಿದ ಟ್ಯಾಂಕುಗಳ ನೀರು ಸಣ್ಣ ಪೈಪಿನಲ್ಲಿ ತಗ್ಗಿನ ಮೂಲೆಗೆ ಹರಿದು, ಗಿಡ ನೆಟ್ಟ ಜಲ್ಲಿ ಹಾಸಿನಲ್ಲಿ ಹಾಯ್ದು, ನೇಪಿಯರ್ ಹುಲ್ಲಿಗೆ ಸೇರುವಂತೆ ನಕ್ಷೆ ಬದಲಿಸಿದೆವು. ಬೋರ್‌ವೆಲ್ಲನ್ನು ಮೇಲ್ಗಡೆಗೆ ಒಯ್ದೆವು. ಇದಕ್ಕಾಗಿ ಮೂರು ಪ್ಲಾಟುಗಳನ್ನು ಬಿಡಬೇಕಾಯಿತು, ಅದಕ್ಕೆ ಅವರು ಒಪ್ಪಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಹಳೆಯ ಬಡಾವಣೆಯವರು ಈಗ ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತಾರೆ. ಅಲ್ಲಿಯ ಬೋರ್‌ವೆಲ್ಲಿನ ನೀರನ್ನು ಪ್ರತಿ ವರ್ಷ ಮೇ ತಿಂಗಳಲ್ಲೊಮ್ಮೆ, ಮಳೆ ಮುಗಿದ ಮೇಲೆ ನವೆಂಬರಿನಲ್ಲೊಮ್ಮೆ ನಾನೇ ಹಿಡಿದು ಕಳಿಸುತ್ತಿದ್ದೇನೆ. ಕಳೆದ ಸಲ 90 ಬಂದಿತ್ತು.